ಭತ್ತ ಹರವಿದ ರಸ್ತೆಯಲ್ಲಿ ಸಮುದ್ರಕ್ಕೆ

ಸಂಕ್ರಾಂತಿ ಮುಗಿದ ವಾರ, ಬೆಳಗಿನ ಚಳಿ ಇನ್ನೂ ಇರುವಾಗಲೇ ಹೈದರಾಬಾದಿನ ದಿಲ್‌ಸುಖ್‌ನಗರದ ನಮ್ಮ ಓಣಿಯಿಂದ ಹಳೆಯ ಮಾರುತಿ ಕಾರನ್ನು ಹೊರಗೆ ತೆಗೆದೆ. ಪಕ್ಕದ ಸೀಟಿನಲ್ಲಿ ನನ್ನ ಗಂಡ, ಅವರ ಮೊಣಕಾಲಿಗೆ ಒರಗಿದ ಊರುಗೋಲು. ಹಿಂದೆ ಎರಡು ಚೀಲ, ಖಡಕ್ ರೊಟ್ಟಿಯ ಡಬ್ಬಿ, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ನೀರಿನ ಕ್ಯಾನು. ಎದುರು ಮನೆಯವರು ಬಾಲ್ಕನಿಗೆ ಬಂದು ನಿಂತು ನೋಡಿದರು. ಐವತ್ತು ದಾಟಿದ ಹೆಂಗಸು ಗಂಡನನ್ನು ಕೂರಿಸಿಕೊಂಡು ಕಾರು ಓಡಿಸುತ್ತಾ ಸಮುದ್ರಕ್ಕೆ ಹೊರಟರೆ ಯಾರಾದರೂ ನೋಡುತ್ತಾರೆ.

ನಾವು ರಾಯಚೂರು ಕಡೆಯವರು. ಇವರು ಬೇಗಂ ಬಜಾರಿನಲ್ಲಿ ಸ್ಟೀಲ್ ಪಾತ್ರೆ, ಬಕೆಟ್ಟುಗಳ ಸಗಟು ಅಂಗಡಿ ಇಟ್ಟುಕೊಂಡಿದ್ದರು. ಮಾದಾಪುರದಲ್ಲಿ ಸಾಫ್ಟ್‌ವೇರ್ ಕಂಪನಿಗಳು ಒಂದರ ಪಕ್ಕ ಒಂದು ಎದ್ದ ಮೇಲೆ ಅಲ್ಲಿ ಕೆಲಸಕ್ಕೆ ಬಂದ ಹುಡುಗ ಹುಡುಗಿಯರಿಗೆ ಹಾಸ್ಟೆಲುಗಳೂ ಎದ್ದವು. ಪ್ರತಿ ಹಾಸ್ಟೆಲಿಗೂ ತಟ್ಟೆ, ಲೋಟ, ಬಕೆಟ್ಟು ಬೇಕು. ಆ ವರ್ಷಗಳಲ್ಲಿ ಇವರು ಭಾನುವಾರವನ್ನೇ ಮರೆತರು. ಬರುವ ಬೇಸಿಗೆಗೆ ನಿನಗೆ ಸಮುದ್ರ ತೋರಿಸುತ್ತೇನೆ ಎನ್ನುತ್ತಿದ್ದರು. ಬೇಸಿಗೆ ಬಂದಾಗ ಇನ್ನೊಂದು ಹಾಸ್ಟೆಲು ತೆರೆಯುತ್ತಿತ್ತು. ಹೀಗಿರುವಾಗ ಗೋದಾಮಿನಲ್ಲಿ ನಿಂತಿದ್ದವರಿಗೆ ಲಕ್ವ ಹೊಡೆಯಿತು. ಮಾತು ಮರಳಿತು, ಕೈ ಮರಳಿತು, ಬಲಗಾಲು ಮಾತ್ರ ಪೂರ್ತಿ ಸರಿಹೋಗಲಿಲ್ಲ. ಇನ್ನು ಗಾಡಿ ಓಡಿಸಬಾರದು ಎಂದರು ಡಾಕ್ಟರು. ಅಂಗಡಿಯನ್ನು ಮೈದುನ ವಹಿಸಿಕೊಂಡ.

ಈ ಪ್ರವಾಸವನ್ನು ಇವರು ಹಾಸಿಗೆಯಲ್ಲಿ ಮಲಗಿಯೇ ಯೋಚಿಸಿದ್ದು. ಭೂಪಟದ ಮೇಲೆ ಬೆರಳು ಸರಿಸುತ್ತಾ ವಿಜಯವಾಡ, ಮಚಲೀಪಟ್ಟಣ, ಅಲ್ಲಿಂದ ಕರಾವಳಿಗುಂಟ ಬಾಪಟ್ಲ, ಚೀರಾಲ ಎಂದು ತೋರಿಸಿದರು. "ದಿನಾ ಸ್ವಲ್ಪ ಸ್ವಲ್ಪ ಹೋಗೂಣು. ಎಲ್ಲಿ ಚಲೋ ಅನಸ್ತೈತಿ ಅಲ್ಲಿ ನಿಲ್ಲೂಣು. ಯಾರೂ ನಮ್ಮ ದಾರಿ ಕಾಯಾಂಗಿಲ್ಲ," ಎಂದರು. ಓಡಿಸುವವರು ಯಾರು ಎಂಬ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ಮರುವಾರ ನಾನೇ ಹೋಗಿ ಡ್ರೈವಿಂಗ್ ಕ್ಲಾಸಿಗೆ ಸೇರಿದೆ.

ಮೊದಲ ದಿನ ಸೂರ್ಯಾಪೇಟೆಯಲ್ಲಿ ಇಡ್ಲಿ, ಚಹಾ. ಅಲ್ಲಿಂದ ಮುಂದೆ ಹೆದ್ದಾರಿಯ ಲಾರಿಗಳು. ಇವರು ಬಾಯಿ ಮುಚ್ಚಲಿಲ್ಲ. "ಗೇರ್ ಬದಲಸು." "ಬಾಜೂಕ ಬಸ್ ಬಂತು ನೋಡು." ಬ್ರೇಕು ಒತ್ತಬೇಕಾದ ಕಡೆಯೆಲ್ಲ ಇವರ ಕಾಲು ಖಾಲಿ ನೆಲವನ್ನು ಒತ್ತುತ್ತಿತ್ತು. ವಿಜಯವಾಡ ತಲುಪುವಾಗ ಇಳಿಹೊತ್ತು. ಕೃಷ್ಣಾ ನದಿಯ ಹತ್ತಿರದ ಲಾಡ್ಜಿನಲ್ಲಿ ರೂಮು ಹಿಡಿದು, ರೊಟ್ಟಿ ತಿಂದು ಮಲಗಿದೆವು.

ಮಚಲೀಪಟ್ಟಣಕ್ಕೆ ಅಲ್ಲಿಂದ ಎಪ್ಪತ್ತು ಕಿಲೋಮೀಟರು. ಊರಿನಲ್ಲಿ ಬೆಲ್ಲದ ಲಾಡು ಕೊಂಡು ನೇರ ಕಡಲ ಕಡೆಗೆ ಹೋದೆವು. ನಾನು ಸಮುದ್ರ ನೋಡಿದ್ದು ಅದೇ ಮೊದಲು. ದಡದಲ್ಲಿ ಕಪ್ಪು ಮಣ್ಣು, ಅದರಾಚೆ ಹೆಚ್ಚು ಸದ್ದಿಲ್ಲದ ನೀರು. ಇವರು ಬಾಗಿಲು ತೆರೆದು ಊರುಗೋಲು ಊರಿದರು. ಅದು ಮೆತ್ತನೆಯ ನೆಲದಲ್ಲಿ ಗೇಣುದ್ದ ಹೂತುಹೋಯಿತು. ಕೈ ಹಿಡಿಯಲು ಹೋದೆ. "ಬ್ಯಾಡ, ನೀ ಹೋಗಿ ಬಾ," ಎಂದು ಬಾಗಿಲೆಳೆದುಕೊಂಡರು. ನಾನು ಹೋಗಿ ಪಾದ ತೋಯಿಸಿಕೊಂಡು ಬೇಗ ಮರಳಿದೆ. ಅಷ್ಟು ವರ್ಷ ಕಾದ ಸಮುದ್ರವನ್ನು ಒಬ್ಬಳೇ ನೋಡುವುದು ನನ್ನಿಂದಾಗಲಿಲ್ಲ.

ಮಾರನೆಯ ಬೆಳಿಗ್ಗೆ ಕೃಷ್ಣೆಯ ದೊಡ್ಡ ಸೇತುವೆ ದಾಟಿ ಬಾಪಟ್ಲದ ದಾರಿ ಹಿಡಿದೆವು. ಎರಡೂ ಕಡೆ ಕೊಯ್ಲಾದ ಗದ್ದೆ, ಕಾಲುವೆ, ತಾಳೆ ಮರ. ರಸ್ತೆ ಖಾಲಿ ಇತ್ತು.

"ನಿಲ್ಲಸು. ಇಲ್ಲಿಂದ ನಾ ಓಡಸ್ತೀನಿ," ಎಂದರು ಇವರು.

"ಡಾಕ್ಟರು ಏನಂದಾರ್ರಿ?"

"ಡಾಕ್ಟರು ಹೈದ್ರಾಬಾದಿನ್ಯಾಗ ಅದಾರ. ಗಾಡಿ ನಂದೈತಿ."

ಹಿಂದಿನ ದಿನ ಬಾಗಿಲೆಳೆದುಕೊಂಡ ಅವರ ಮುಖ ನೆನಪಾಗಿ ನನಗೆ ಇಲ್ಲವೆನ್ನಲಾಗಲಿಲ್ಲ. ಸೀಟು ಬದಲಿಸಿದೆವು. ಸ್ವಲ್ಪ ದೂರ ಚೆನ್ನಾಗಿಯೇ ಓಡಿಸಿದರು. ಬೆನ್ನು ನೆಟ್ಟಗಾಗಿತ್ತು, ಏನೋ ಗುನುಗುತ್ತಲೂ ಇದ್ದರು. ಒಂದು ತಿರುವಿನಾಚೆ ಅರ್ಧ ರಸ್ತೆಗೆ ಭತ್ತ ಹರವಿದ್ದರು. ನಡುವೆ ಒಬ್ಬ ಹೆಂಗಸು ನಮಗೆ ಬೆನ್ನು ಮಾಡಿ ಕಾಲಿನಿಂದ ಕಾಳು ಕೆದರುತ್ತಿದ್ದಳು. ಇವರು ಹಾರನ್ ಒತ್ತಿದರು. ಬಲಗಾಲು ಮಾತ್ರ ಆಕ್ಸಿಲರೇಟರ್ ಬಿಟ್ಟು ಏಳಲಿಲ್ಲ. "ಕಾಲು, ಕಾಲು," ಎಂದಷ್ಟೇ ಅಂದರು. ನಾನು ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಿಂದ ಎಳೆದೆ. ಹೆಂಗಸು ಬದಿಗೆ ಹಾರಿದಳು. ಗಾಡಿ ಭತ್ತದ ಮೇಲೆ ಜಾರಿ, ಅಡ್ಡ ತಿರುಗಿ, ಕಾಲುವೆಯ ಏರಿಯ ಹತ್ತಿರ ನಿಂತಿತು.

ಅವಳು ಬೈಯುತ್ತಲೇ ಓಡಿ ಬಂದಳು. ಇವರ ಮುಖ ನೋಡಿ ಸುಮ್ಮನಾದಳು. "ಅಯ್ಯಗಾರಿಗೆ ಹುಷಾರಿಲ್ಲವೇನಮ್ಮಾ?" ಎಂದು ತೆಲುಗಿನಲ್ಲಿ ನನ್ನನ್ನು ಕೇಳಿ, ಗದ್ದೆಯ ಬದುವಿನಿಂದ ತನ್ನ ನೀರಿನ ತಂಬಿಗೆ ತಂದುಕೊಟ್ಟಳು. ಇವರು ನೀರು ಕುಡಿದು, ಊರುಗೋಲು ಹಿಡಿದು ಇಳಿದರು. ರಸ್ತೆಯ ಮೇಲೆ ಕೂತು, ಗಾಲಿ ಚದುರಿಸಿದ ಭತ್ತವನ್ನು ಅಂಗೈಯಿಂದ ಗುಡ್ಡೆ ಮಾಡತೊಡಗಿದರು. ಬೇಡವೆಂದರೂ ಕೇಳಲಿಲ್ಲ. ನಾನೂ ಕೂತೆ. ಮೂವರೂ ಸೇರಿ ಎಲ್ಲವನ್ನೂ ಒಟ್ಟು ಮಾಡಿದೆವು. ಹೊರಡುವಾಗ ಇವರು ಅವಳಿಗೆ ಕೈ ಮುಗಿದರು. ಆಮೇಲೆ ಕೇಳದೆಯೇ ಎಡಗಡೆಯ ಬಾಗಿಲು ತೆಗೆದು ಕೂತರು.

ಬಾಪಟ್ಲದ ತನಕ ನಾನೇ ಓಡಿಸಿದೆ. ಮಧ್ಯಾಹ್ನ ಊರಿನಾಚೆಯ ಸೂರ್ಯಲಂಕದಲ್ಲಿ ಕಡಲು ಕಂಡಿತು. ಅಗಲ ಮರಳು, ಸರುವೆ ಮರಗಳು, ತೆರೆಗಳ ಸದ್ದು. ಈ ಸಲ ಇವರು ತಾವೇ ಇಳಿದರು. ಊರುಗೋಲನ್ನು ಕಾರಿನಲ್ಲೇ ಬಿಟ್ಟು ನನ್ನ ಹೆಗಲ ಮೇಲೆ ಕೈಯಿಟ್ಟರು. ಒಣ ಮರಳಿನಲ್ಲಿ ಕಷ್ಟವಾಯಿತು, ಎರಡು ಸಲ ಕೂತು ಎದ್ದರು. ತೆರೆ ತೋಯಿಸಿದ ಗಟ್ಟಿ ಮರಳಿಗೆ ಬಂದ ಮೇಲೆ ಹೆಜ್ಜೆಗಳು ಸ್ಥಿರವಾದವು. ನೀರು ಇಬ್ಬರ ಪಾದವನ್ನೂ ಮುಚ್ಚಿತು.

"ಆ ಹೆಣ್ಮಗಳು ಹಾರದಿದ್ರ?" ಎಂದರು.

"ಹಾರಿದ್ಲಲ್ರಿ."

"ನಾ ಮದ್ಲಿನಂಗ ಅದೀನಿ ಅಂತ ನಿನಗ ತೋರಸಬೇಕಾಗಿತ್ತು."

ನನಗೆ ತಿಂಗಳುಗಳಿಂದ ಹೇಳಬೇಕೆನಿಸಿದ್ದನ್ನು ಆಗ ಹೇಳಿದೆ. "ಲಾರಿ ಬಂದ್ರ ನನ್ನ ಕೈ ಬೆವರ್ತಾವ್ರಿ. ನೀವು ಬಾಜೂಕ ಅದೀರಿ ಅಂತ ಧೈರ್ಯ ಮಾಡಿ ಓಡಸ್ತೀನಿ."

ಇವರು ನನ್ನ ಕಡೆ ತಿರುಗಿದರು. "ನಾ ಗೇರ್, ಗೇರ್ ಅಂತ ತಲಿ ತಿನ್ನಾಕತ್ತಿದ್ದೆ. ನಿನಗ ಅಂಜಿಕಿ ಐತಿ ಅಂತ ನನಗ ತಿಳೀಲೇ ಇಲ್ಲ ನೋಡು," ಎಂದರು. ಹೆಗಲ ಮೇಲಿನ ಕೈ ಸ್ವಲ್ಪ ಹಗುರಾಯಿತು, ತೆಗೆಯಲಿಲ್ಲ.

ಚೀರಾಲಕ್ಕೆ ಹೋಗಲಿಲ್ಲ. ಬಾಪಟ್ಲದಲ್ಲೇ ಇನ್ನೆರಡು ದಿನ ಉಳಿದೆವು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೀರಿನಂಚಿಗೆ ನಡೆದೆವು, ಮೀನಿನ ದೋಣಿಗಳು ದಡಕ್ಕೆ ಬರುವುದನ್ನು ನೋಡಿದೆವು. ಅಂಗಡಿಯಿಂದ ಫೋನು ಬಂದಾಗ ಇವರು, "ನೀನೇ ನೋಡಪಾ. ನಾ ಸಮುದ್ರದಾಗ ನಿಂತೀನಿ," ಎಂದು ಇಟ್ಟುಬಿಟ್ಟರು.

ಮರಳುವ ದಿನ ವಿಜಯವಾಡ ದಾಟಿ ಹೆದ್ದಾರಿಗೆ ಬಂದೆವು. ಲಾರಿಗಳು ಹಾಗೆಯೇ ಇದ್ದವು. ಗೇರಿನ ಮಾತು ಮಾತ್ರ ಬರಲಿಲ್ಲ. ಅನುಮಾನ ಬಂದು ಪಕ್ಕಕ್ಕೆ ನೋಡಿದರೆ ಸೀಟಿಗೆ ತಲೆ ಆನಿಸಿ, ಬಾಯಿ ಸ್ವಲ್ಪ ತೆರೆದು ನಿದ್ದೆ ಹೋಗಿದ್ದರು. ಸೂರ್ಯಾಪೇಟೆಯಲ್ಲಿ ಚಹಾಕ್ಕೆ ನಿಲ್ಲಿಸಬೇಕೆಂದಿದ್ದೆ. ನಿಲ್ಲಿಸಿದರೆ ಎಚ್ಚರವಾದೀತೆಂದು, ಗಾಜು ಅರ್ಧ ಏರಿಸಿ, ಹಾಗೆಯೇ ಮುಂದೆ ಹೋದೆ.