ತಾಲೀಮಿನ ಮಣ್ಣಿನಲ್ಲಿ ನನ್ನ ಜೋಡಿ

ಕಳೆದ ವಾರ ಹಿತ್ತಲಿನ ಹೂವಿನ ಮಡಿಗೆಂದು ಒಂದು ಗಾಡಿ ಕೆಮ್ಮಣ್ಣು ತರಿಸಿದೆವು. ಮಧ್ಯಾಹ್ನ ಸೊಸೆ ಹುಳಿ ಬಂದ ಮಜ್ಜಿಗೆಯನ್ನು ಚೆಲ್ಲಲು ಹೋದವಳು ಗಡಿಗೆಯನ್ನು ಆ ಮಣ್ಣಿನ ಮೇಲೆಯೇ ಬೋರಲು ಹಾಕಿದಳು. ಬಿಸಿಲಿಗೆ ಕಾದ ಮಣ್ಣು, ಅದರ ಮೇಲೆ ಹುಳಿ ಮಜ್ಜಿಗೆ. ಪಡಸಾಲೆಯಲ್ಲಿ ಪತ್ರಿಕೆ ಓದುತ್ತ ಕುಳಿತಿದ್ದ ನನ್ನ ಮೂಗಿಗೆ ಆ ವಾಸನೆ ಬಡಿಯಿತು. ಎದ್ದು ಹಿತ್ತಲ ಬಾಗಿಲು ಹಾಕಿದೆ. ಏನಾಯಿತೆಂದು ಸೊಸೆ ಕೇಳಿದಳು. ಹೇಳಲಿಲ್ಲ. ಹೇಳದೆ ಇಟ್ಟುಕೊಂಡು ಐವತ್ತು ವರ್ಷ ಮೀರಿತು. ಈಗ ಬರೆದುಬಿಡುತ್ತೇನೆ.

ಯಲಬುರ್ಗಾದ ನೆಲವೆಲ್ಲ ಕರಿಮಣ್ಣು. ತಾಲೀಮಿಗೆ, ಎಂದರೆ ಕುಸ್ತಿಯ ಗರಡಿಮನೆಗೆ, ಅದು ಬರುವುದಿಲ್ಲ; ಹಸಿಯಿದ್ದಾಗ ಮೈಗೆ ಅಂಟುತ್ತದೆ, ಒಣಗಿದರೆ ಬಿರಿಯುತ್ತದೆ. ಅದಕ್ಕೆ ನಮ್ಮ ಓಣಿಯ ತಾಲೀಮಿಗೆ ಕೊಪ್ಪಳದ ಗುಡ್ಡದ ಮಗ್ಗುಲಿನಿಂದ ಚಕ್ಕಡಿಯಲ್ಲಿ ಕೆಮ್ಮಣ್ಣು ಬರಬೇಕಾಗಿತ್ತು. ಜರಡಿ ಹಿಡಿದು, ಅರಿಸಿನ, ಕುಸುಬಿ ಎಣ್ಣೆ, ಕರ್ಪೂರ, ಮಜ್ಜಿಗೆ ಕಲಸಿ ಹದ ಮಾಡುತ್ತಿದ್ದೆವು. ಅಷ್ಟು ದೂರದಿಂದ ತಂದ ಮಣ್ಣಿಗೆ ದೇವರ ಬೆಲೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಒಳಗೆ ಒಂದು ಗೂಡಿನಲ್ಲಿ ಹನುಮಪ್ಪ, ಎದುರಿನ ಗೂಡಿನಲ್ಲಿ ಪೀರರ ಹಸಿರು ಬಟ್ಟೆ. ನಮಗೆ ಕಲಿಸುತ್ತಿದ್ದ ವಸ್ತಾದರು ಮುಸಲ್ಮಾನರು. ಎರಡೂ ಗೂಡಿಗೆ ಅವರೇ ದೀಪ ಹಚ್ಚುತ್ತಿದ್ದರು. ಹೆಂಗಸರು ಆ ಹೊಸ್ತಿಲು ದಾಟುವಂತಿರಲಿಲ್ಲ.

ಅಲ್ಲಿ ಎಲ್ಲಕ್ಕೂ ವೇಳೆ ಇತ್ತು, ಎಲ್ಲಕ್ಕೂ ಕ್ರಮ ಇತ್ತು. ನಾಲ್ಕಕ್ಕೆ ಏಳುವುದು, ಮೊದಲು ದಂಡ, ಆಮೇಲೆ ಬಸ್ಕಿ, ಆಮೇಲೆ ಗುಂಡುಕಲ್ಲು. ನನಗೆ ಆ ಶಿಸ್ತು ಮನೆಗಿಂತ ಹೆಚ್ಚು ಹಿಡಿಸಿತ್ತು. ಒಂದೇ ದಿನ ಸೇರಿದ ಇಬ್ಬರನ್ನು ವಸ್ತಾದರು ಜೋಡಿ ಮಾಡುತ್ತಿದ್ದರು. ಒಬ್ಬರ ಬೆನ್ನಿಗೆ ಇನ್ನೊಬ್ಬರು ಎಣ್ಣೆ ತಿಕ್ಕಬೇಕು. ಒಬ್ಬ ನೋವಾಗಿ ಕೂತರೆ ಇನ್ನೊಬ್ಬನೂ ಕಲ್ಲು ಮುಟ್ಟುವಂತಿಲ್ಲ, ಅವನ ಸೇವೆ ಮಾಡಬೇಕು. ನನಗೆ ಜೋಡಿಯಾಗಿ ಸಿಕ್ಕವನು ನಮ್ಮ ಓಣಿಯ ಗಾಣದ ಮನೆಯವನು. ನನ್ನದೇ ವಯಸ್ಸು, ಇಪ್ಪತ್ತು. ತಂದೆ ಇರಲಿಲ್ಲ, ತಾಯಿ, ಒಂದು ಗಾಣ, ಒಂದು ಎತ್ತು. ಎತ್ತಿಗೆ ಜಡ್ಡಾದ ದಿನ ಇವನೇ ನೊಗಕ್ಕೆ ಹೆಗಲು ಕೊಟ್ಟು ಗಾಣ ತಿರುಗಿಸಿದ್ದನ್ನು ನಾನು ನೋಡಿದ್ದೇನೆ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆಗಲೂ ನಾನು ಅವನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. ಜೋಡಿ ಎನ್ನುತ್ತಿದ್ದೆ, ಅವನೂ ಹಾಗೇ ಎನ್ನುತ್ತಿದ್ದ.

ಎರಡನೆಯ ಮಹಾಯುದ್ಧಕ್ಕೆ ಇನ್ನೂ ಒಂದೆರಡು ವರ್ಷವಿತ್ತು. ಯುಗಾದಿಯ ನಂತರ ಕೊಪ್ಪಳದಲ್ಲಿ ಗುಂಡು ಎತ್ತುವ ಪಂದ್ಯ ನಿಗದಿಯಾಗಿತ್ತು. ನಮ್ಮ ತಾಲೀಮಿನಿಂದ ಹೋಗಬೇಕಾದವರು ನಾವಿಬ್ಬರು. ಒಂದು ಶನಿವಾರ ಬೆಳಗ್ಗೆ ಅವನು ದೊಡ್ಡ ಗುಂಡುಕಲ್ಲಿಗೆ ಕೈ ಹಾಕಿದ. ಮೊಣಕಾಲಿಗೆ ತಂದ, ಹೊಟ್ಟೆಗೆ ತಂದ, ಎದೆಗೆ ಏರಿಸುವಾಗ ಮಂಜಿಗೆ ಒದ್ದೆಯಾಗಿದ್ದ ಕಲ್ಲು ಜಾರಿತು. ಬಿಟ್ಟುಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ತಾಲೀಮಿನಲ್ಲಿ ಗುಂಡು ಕೆಡವಬಾರದು, ಇಳಿಸಬೇಕು. ಕೆಡವಿದರೆ ಮಣ್ಣಿಗೆ ಅಪಮಾನ. ಅವನು ನಡ ತಿರುಚಿ ಕಲ್ಲನ್ನು ಹಿಡಿದ. ಒಣ ತೊಗರಿ ಕಟ್ಟಿಗೆ ಮುರಿದಂತೆ ಸಪ್ಪಳವಾಯಿತು. ಆದರೂ ಕ್ರಮವಾಗಿ, ಮೆಲ್ಲಗೆ, ಗುಂಡನ್ನು ನೆಲಕ್ಕಿಟ್ಟ. ಆಮೇಲೆ ಅದರ ಪಕ್ಕದಲ್ಲಿ ತಾನೂ ಮಲಗಿದ... ಏಳಲಿಲ್ಲ.

ವಸ್ತಾದರು ಬೆನ್ನು ಮುಟ್ಟಿ ನೋಡಿದರು. ಅವರಿಗೆ ತಿಳಿದ ಔಷಧ ಒಂದೇ. ನೋವಾದ ಅಂಗವನ್ನು ತಾಲೀಮಿನ ಮಣ್ಣಿನಲ್ಲಿ ಹೂಳುವುದು, ಇಪ್ಪತ್ತೊಂದು ದಿನ ಮಿಸುಕದಂತೆ ಇಡುವುದು. ಹರೆಯದಲ್ಲಿ ಅವರ ಹೆಗಲು ಕೂಡಿದ್ದು ಹಾಗೆಯೇ. ನಮ್ಮ ಕಣ್ಣೆದುರೇ ನಾಲ್ಕಾರು ಜನರ ಮಣಿಕಟ್ಟು, ಮೊಣಕಾಲು ವಾಸಿಯಾಗಿದ್ದವು.

"ಮಣ್ಣು ಮುರದದ್ದನ್ನ ಮಣ್ಣ ಕೂಡಸತೈತಿ ಬೇಟಾ," ಎಂದರು. "ಹೊರಗಿನ ಕೈ ಹತ್ತಬಾರದು."

ಹಿಂದಿನ ಕೋಣೆಯಲ್ಲಿ ಉದ್ದಕ್ಕೆ ಒಂದು ತಗ್ಗು ತೋಡಿದೆವು. ಅವನನ್ನು ಅಂಗಾತ ಮಲಗಿಸಿ ನಡದಿಂದ ಪಾದದವರೆಗೆ ಮಣ್ಣು ಮುಚ್ಚಿದೆವು. ಜೊತೆಯವರಿಗೆ ಅದೊಂದು ತಮಾಷೆ.

"ಏನಪ್ಪಾ, ಬದನಿ ಸಸಿ ಹಚ್ಚೀರೇನು?" ಎಂದ ಒಬ್ಬ.

"ನೀರ ಹಾಕ್ರಿಲೇ, ಎಲಿ ಒಡೀಲಿ," ಎಂದು ಮಣ್ಣಿನೊಳಗಿಂದ ಇವನೇ ಉತ್ತರ ಕೊಟ್ಟ.

ನನ್ನನ್ನೂ ಬಿಡಲಿಲ್ಲ. ಊಟದ ಬುತ್ತಿ ಹಿಡಿದು ಬಂದರೆ, "ಗಂಡಗ ಉಣಿಸಾಕ ಬಂದಳು ನೋಡ್ರಿ," ಎನ್ನುತ್ತಿದ್ದರು. ದಿನಕ್ಕೆ ಮೂರು ಸಲ ಮಣ್ಣಿಗೆ ಮಜ್ಜಿಗೆ ಹಾಕುವುದು, ಮಧ್ಯಾಹ್ನ ಮಣ್ಣು ತೆಗೆದು ಮೈ ಒರೆಸಿ, ಬಿಸಿಲಿಗೆ ಕಾದ ಹೊಸ ಮಣ್ಣು ಮುಚ್ಚುವುದು ನನ್ನ ಕೆಲಸ. ವೇಳೆಗೆ ಸರಿಯಾಗಿ ಮಾಡುತ್ತಿದ್ದೆ. ಕ್ರಮ ತಪ್ಪದಿದ್ದರೆ ಫಲ ತಪ್ಪುವುದಿಲ್ಲ ಎಂದು ನಂಬಿದ್ದೆ.

ಮೂರನೆಯ ದಿನ, ಸೋಮವಾರ, ಮಣ್ಣು ತೆಗೆದು ಪಾದ ಒರೆಸುವಾಗ ಅಂಗಾಲಿನಲ್ಲಿ ಒಂದು ಜಾಲಿಮುಳ್ಳು ಕಂಡಿತು. ಮಣ್ಣಿನ ಜೊತೆ ಬಂದಿರಬೇಕು. ಆಳಕ್ಕೆ ಇಳಿದಿತ್ತು. ಎಳೆದೆ. ರಕ್ತ ಬಂತು. ಅವನು ಆಗ ಯಾವುದೋ ಪಂದ್ಯದಲ್ಲಿ ಪೈಲವಾನನೊಬ್ಬನ ಲಂಗೋಟಿ ಬಿಚ್ಚಿಹೋದ ಕತೆ ಹೇಳುತ್ತಿದ್ದ, ಮಾತು ನಿಲ್ಲಿಸಲಿಲ್ಲ. ನಾನು ನಗದೆ ಇದ್ದದ್ದನ್ನು ನೋಡಿ ಸುಮ್ಮನಾದ. ಕೈಯಲ್ಲಿದ್ದ ಮುಳ್ಳು ತೋರಿಸಿದೆ.

"ಇನ್ನೊಮ್ಮಿ ಚುಚ್ಚು," ಎಂದ.

"ಚುಚ್ಚೀನಿ."

"ಯಾವಾಗ?"

"ಈಗ. ಎರಡ ಸಲ."

ಅವನು ಜಂತಿಯ ಕಡೆ ನೋಡುತ್ತ ಮಲಗಿದ. ಆಮೇಲೆ, "ವಸ್ತಾದಗ ಹೇಳಬ್ಯಾಡ. ಗೊತ್ತಾದರ ದವಾಖಾನಿಗೆ ಒಯ್ಯಿ ಅಂತಾರ. ಹೋದ ಹಮಾಲ ಬಂದನೇನು?" ಎಂದ. ನಮ್ಮ ಊರಿನ ಒಬ್ಬ ಹಮಾಲನನ್ನು ಹಿಂದಿನ ವರ್ಷ ಗದಗಿನ ದವಾಖಾನೆಗೆ ಒಯ್ದಿದ್ದರು, ಹೆಣವಾಗಿ ಬಂದಿದ್ದ. "ಇಪ್ಪತ್ತೊಂದು ದಿನ ಮುಗೀಲಿ. ನನ್ನ ಆಣಿ."

ನಾನು ಆಣೆಗೆ ಕಟ್ಟುಬಿದ್ದೆ ಎಂದು ಹೇಳಿ ಪಾರಾಗಬಹುದು. ಅದು ಪೂರ್ತಿ ನಿಜವಲ್ಲ. ಪಂದ್ಯದ ಪಟ್ಟಿಯಿಂದ ಅವನ ಹೆಸರು ತೆಗೆದರೆ ನನ್ನ ಹೆಸರೂ ಹೋಗುತ್ತಿತ್ತು. ಜೋಡಿ ಇಲ್ಲದವನನ್ನು ಕೊಪ್ಪಳಕ್ಕೆ ಕಳಿಸುತ್ತಿರಲಿಲ್ಲ. ಇಪ್ಪತ್ತೊಂದನೆಯ ದಿನ ಅವನು ಎದ್ದು ನಿಂತರೆ ಇಬ್ಬರಿಗೂ ಇನ್ನೂ ವೇಳೆಯಿತ್ತು. ಆ ಲೆಕ್ಕ ನನ್ನ ತಲೆಯಲ್ಲಿತ್ತು.

ಮಂಗಳವಾರ ಮಣ್ಣು ತೆಗೆದಾಗ ಅದು ಒದ್ದೆಯಾಗಿತ್ತು. ನಾನು ಹಾಕಿದ ಮಜ್ಜಿಗೆಯಿಂದಲ್ಲ. ಅವನಿಗೆ ಗೊತ್ತೇ ಆಗಿರಲಿಲ್ಲ. ನನ್ನ ಮುಖ ನೋಡಿ ತಿಳಿದುಕೊಂಡ, ತೋಳಿನಿಂದ ಕಣ್ಣು ಮುಚ್ಚಿಕೊಂಡ. ಕೂಗಿ ಕರೆದಿದ್ದರೆ ಹೊರಗೆ ಹತ್ತು ಜನರಿದ್ದರು. ನಾನು ಆ ಮಣ್ಣನ್ನು ಪುಟ್ಟಿಯಲ್ಲಿ ತುಂಬಿ ಹಿಂದಿನ ಬಾಗಿಲಿನಿಂದ ಚೆಲ್ಲಿ ಬಂದೆ. ಹೊಸ ಮಣ್ಣು ಮುಚ್ಚಿದೆ. ಮೂತ್ರದ ವಾಸನೆ ಯಾರಿಗೂ ಬರಬಾರದೆಂದು ಅತಿ ಹುಳಿಯಾದ ಮಜ್ಜಿಗೆಯನ್ನು ಎರಡು ಗಡಿಗೆ ಸುರಿದೆ. ಬುಧವಾರವೂ ಸುರಿದೆ, ಗುರುವಾರವೂ ಸುರಿದೆ... ಕೋಣೆಯೆಲ್ಲ ಹುಳಿ ನಾತ. ಶುಕ್ರವಾರ ಸಂಜೆ ವಸ್ತಾದರು ಬಾಗಿಲಲ್ಲಿ ನಿಂತು ಮೂಗೆಳೆದು, ಉಳಿದವರನ್ನು ಕರೆದು ತೋರಿಸಿದರು.

"ನೋಡ್ರಲೇ, ಕೈ ಬಿಚ್ಚಿ ಹಾಕ್ಯಾನ. ಜೋಡಿ ಅಂದ್ರ ಹಿಂಗಿರಬೇಕು."

ಅವನು ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ.

ಶನಿವಾರ ತಾಲೀಮಿನ ಮಣ್ಣನ್ನೆಲ್ಲ ಕೆದರಿ ಪೂಜೆ ಮಾಡುವ ದಿನ, ಮಣ್ಣಿನಲ್ಲಿ ಯಾರೂ ಮಲಗಿರುವಂತಿಲ್ಲ. ಅವತ್ತು ಅವನನ್ನು ಕೌದಿಯ ಮೇಲೆ ಹೊತ್ತು ತಂದು ಹೊರಗಿನ ಕಟ್ಟೆಯ ಮೇಲೆ ಮಲಗಿಸಿದೆವು. ವಾರದಿಂದ ಮಗನ ಮುಖ ನೋಡದೆ ಹೊಸ್ತಿಲಿಗೆ ಬುತ್ತಿ ಇಟ್ಟು ಹೋಗುತ್ತಿದ್ದ ತಾಯಿ ಓಡಿ ಬಂದಳು. ನಮ್ಮ ಓಣಿಯಲ್ಲಿ ಬಾಣಂತಿಯರಿಗೆ ಕಾವು ಕೊಡುವುದಕ್ಕೆ, ನಡ ಹಿಡಿದವರಿಗೆ ಶಾಖ ಕೊಡುವುದಕ್ಕೆ ಎಲ್ಲರೂ ಕರೆಯುತ್ತಿದ್ದದ್ದು ಅವಳನ್ನೇ. ಮನೆಯಿಂದ ಇಟ್ಟಿಗೆ ಕಾಯಿಸಿ ತಂದಳು, ಬಟ್ಟೆ ಸುತ್ತಿ ಅವನ ಪಾದಗಳ ಕೆಳಗಿಟ್ಟಳು.

"ಕಾಲೆಲ್ಲ ತಣ್ಣಗ ಅದಾವಲ್ಲೋ ಯಪ್ಪಾ. ಹಿತ ಆತೇನು?"

"ಆತಬೇ," ಎಂದ ಅವನು. ಅವಳು ತಲೆ ನೇವರಿಸಿದಳು, ಎತ್ತಿನ ಸುದ್ದಿ ಹೇಳಿದಳು. ನಾನು ಎರಡು ಮಾರು ದೂರದಲ್ಲಿ ಮಣ್ಣು ಕೆದರುತ್ತಿದ್ದೆ. ಸುಟ್ಟ ಚರ್ಮದ ವಾಸನೆ ಮೊದಲು ಬಂದದ್ದು ನನಗೆ. ಆಗಲೂ ನಾನು ಕೂಗಲಿಲ್ಲ... ಅವಳೇ ಬಟ್ಟೆ ಸರಿಸಿದಳು. ಎರಡು ಹಿಮ್ಮಡಿಗಳೂ ಬೊಬ್ಬೆ ಎದ್ದು ಸುಲಿದಿದ್ದವು. ಮಗ ಇನ್ನೂ ನಗುಮುಖದಲ್ಲೇ ಇದ್ದ.

"ನಾ ಸುಟ್ಟೆ," ಎಂದಳು ಅವಳು. ಕೂಗಲಿಲ್ಲ. ಯಾರಿಗೋ ಲೆಕ್ಕ ಒಪ್ಪಿಸುವವಳಂತೆ ಮತ್ತೆ ಮತ್ತೆ ಅಂದಳು. "ನಾ ಸುಟ್ಟೆ. ನನ್ನ ಕೈಯಾರ ಕಾಲು ಸತ್ತುವು."

ವಸ್ತಾದರು ಹೊರಗೆ ಬಂದು ನೋಡಿದರು. ಅವರ ಮುಖ ಅಷ್ಟು ಬಿಳಿಚಿಕೊಂಡದ್ದನ್ನು ನಾನು ಮೊದಲು ಕಂಡಿರಲಿಲ್ಲ. ಚಕ್ಕಡಿ ಕಟ್ಟಲು ಹೇಳಿದವರು ಅವರೇ. ಭಾನಾಪುರದ ಸ್ಟೇಷನ್ನಿನವರೆಗೆ ಚಕ್ಕಡಿ, ಅಲ್ಲಿಂದ ಗದಗಿಗೆ ರೈಲು. ಮರುದಿನ ಬೆಳಗ್ಗೆ ಡಾಕ್ಟರರು ಕಾಲುಗಳನ್ನು ಪರೀಕ್ಷೆ ಮಾಡಿ, ಸ್ಪರ್ಶ ಯಾವಾಗ ಹೋಯಿತೆಂದು ಕೇಳಿದರು.

"ನಿನ್ನಿ ನಾ ಇಟ್ಟಿಗಿ ಇಟ್ಟೆನ್ರಿ, ಆವಾಗ ಹ್ವಾತು," ಎಂದಳು ತಾಯಿ.

ಅವನು ಸೂರು ನೋಡುತ್ತಿದ್ದ. ನಾನು ಮಂಚದ ಕಾಲು ಹಿಡಿದು ನಿಂತಿದ್ದೆ. ಆಮೇಲೆ ಡಾಕ್ಟರರು ನನ್ನನ್ನು ಪಡಸಾಲೆಗೆ ಕರೆದರು. "ಸುಟ್ಟದ್ದಕ್ಕ ಹೋದ ಸ್ಪರ್ಶ ಅಲ್ಲ ಇದು. ಬೆನ್ನಾಗ ನರ ಒತ್ತಿ ಭಾಳ ದಿನ ಆಗ್ಯಾವ. ಮೊದಲನೇ ದಿನ ತಂದಿದ್ದರ ನೋಡಬಹುದಿತ್ತು. ಯಾರಿಗೂ ಗೊತ್ತ ಆಗಲಿಲ್ಲೇನು?"

"ಇಲ್ರಿ," ಎಂದೆ.

ಮೂರು ವಾರ ಅಲ್ಲಿದ್ದೆವು. ಕಾಲು ಬರಲಿಲ್ಲ.

ಊರಿಗೆ ಬಂದ ಮೇಲೆ ಅವನು ಆರು ವರ್ಷ ಬದುಕಿದ. ಗಾಣದ ಪಕ್ಕದಲ್ಲಿ ಒಂದು ಹಲಗೆಯ ಮೇಲೆ ಕೂರಿಸುತ್ತಿದ್ದರು. ನಡದ ಮೇಲೆ ಮೊದಲಿನ ಹಾಗೇ ಪೈಲವಾನ; ಎದೆ, ತೋಳು ಏನೂ ಇಳಿದಿರಲಿಲ್ಲ. ನಡದ ಕೆಳಗೆ ಎರಡು ಒಣ ಕಡ್ಡಿ. ಬೆಳಗ್ಗೆ ನಾಲ್ಕಕ್ಕೆ ಏಳುವುದನ್ನು ಬಿಟ್ಟಿರಲಿಲ್ಲ. ಎದ್ದು ಏನು ಮಾಡುತ್ತೀ ಎಂದು ಕೇಳಿದ್ದಕ್ಕೆ, "ಕುಂದ್ರತೀನಿ," ಎಂದಿದ್ದ. ವಸ್ತಾದರು ಆಮೇಲೆ ಯಾರನ್ನೂ ಮಣ್ಣಿನಲ್ಲಿ ಹೂಳಲಿಲ್ಲ. ನನಗೆ ಬೇರೆ ಜೋಡಿ ಕೊಡುತ್ತೇನೆಂದರು. ನಾನು ಒಲ್ಲೆನೆಂದೆ. ತಾಲೀಮಿಗೆ ಹೋಗುತ್ತಿದ್ದ ಹೊತ್ತಿನಲ್ಲಿ ಅವನ ಮನೆಗೆ ಹೋಗುತ್ತಿದ್ದೆ, ಮೈ ಒರೆಸುತ್ತಿದ್ದೆ, ಬೆನ್ನಿನ ಹುಣ್ಣಿಗೆ ಎಣ್ಣೆ ಹಚ್ಚುತ್ತಿದ್ದೆ.

ತಾಯಿ ಬದಲಾಗಿದ್ದಳು. ಯಾರ ಮನೆಗೂ ಕಾವು ಕೊಡಲು ಹೋಗಲಿಲ್ಲ. ಬಾಣಂತಿಯ ಕಡೆಯವರು ಕರೆಯಲು ಬಂದರೆ ಬಾಗಿಲ ಹಿಂದೆ ನಿಂತು, "ನನ್ನ ಕೈ ಛಲೋ ಅಲ್ಲವ್ವಾ," ಎಂದು ಕಳಿಸುತ್ತಿದ್ದಳು. ಓಣಿಯವರೂ ಹಾಗೇ ಮಾತಾಡುತ್ತಿದ್ದರು: ಮಣ್ಣು ಕೂಡಿಸುತ್ತಿತ್ತು, ತಾಯಿ ಇಟ್ಟಿಗೆ ಇಟ್ಟು ಕೆಡಿಸಿದಳು. ಒಂದು ದಿನ ತಡೆಯಲಾರದೆ ಅವನಿಗೆ ಹೇಳಿದೆ, ಅವ್ವನಿಗೆ ನಿಜ ಹೇಳಿಬಿಡೋಣ ಎಂದು.

"ಈಗ ಬ್ಯಾಡ," ಎಂದ. "ನೀ ಗೊತ್ತಿದ್ದು ಸುಮ್ಮನಿದ್ದಿ ಅಂತ ತಿಳದರ ಆಕಿ ನಿನಗ ಬಾಗಲಾ ತಗಿಯೂದಿಲ್ಲ. ಆಮ್ಯಾಲ ನನ್ನ ಹೊಳ್ಳಿಸಿ ಮಲಗಸಾವ್ರು ಯಾರು? ನಾ ಹ್ವಾದ ಮ್ಯಾಲ ಹೇಳು. ಹೇಳಬೇಕು ಮತ್ತ."

ಹೇಳುತ್ತೇನೆ ಎಂದೆ.

ಯುದ್ಧ ಇನ್ನೂ ಮುಗಿದಿರಲಿಲ್ಲ. ಒಂದು ಮಳೆಗಾಲ ಹುಣ್ಣಿನಿಂದ ಜ್ವರ ಏರಿ, ಎಂಟು ದಿನದಲ್ಲಿ ಹೋದ. ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ. ಕೊನೆಗೆ ಭಾರ ಏನೂ ಉಳಿದಿರಲಿಲ್ಲ.

ದಿನಕರ್ಮ ಮುಗಿದ ಮೇಲೆ ಹೇಳಬೇಕೆಂದುಕೊಂಡೆ, ತಿಂಗಳು ಕಳೆಯಲಿ ಎಂದುಕೊಂಡೆ. ನಾನು ಯಾವ ಕೆಲಸವನ್ನೂ ನಾಳೆಗೆ ಇಡುವವನಲ್ಲ, ಅದೊಂದನ್ನು ಇಟ್ಟೆ. ನೌಕರಿ ಸಿಕ್ಕಿ ನಾನು ಕೊಪ್ಪಳಕ್ಕೆ ಹೊರಟ ದಿನ ಅವನ ತಾಯಿಗೆ ಹೋಗಿಬರುತ್ತೇನೆಂದು ಹೇಳಲು ಹೋದೆ. ಗಾಣ ನಿಂತಿತ್ತು. ಅವಳು ನನ್ನ ಕೈಗೆ ಒಂದು ಗಿಂಡಿ ಕುಸುಬಿ ಎಣ್ಣೆ ಕೊಟ್ಟಳು. ಆಮೇಲೆ ಹತ್ತಿರ ಬಂದು, ಯಾರಾದರೂ ಕೇಳಿಯಾರೆಂಬಂತೆ ತಗ್ಗಿದ ದನಿಯಲ್ಲಿ ಕೇಳಿದಳು.

"ತಮ್ಮಾ, ನೀ ಅಲ್ಲೇ ಇದ್ದಿ. ಖರೇ ಹೇಳು. ಇಟ್ಟಿಗಿ ಭಾಳ ಕಾದಿತ್ತೇನು?"

"ಇಲ್ಲವ್ವಾ," ಎಂದೆ. "ಇಟ್ಟಿಗಿಯಿಂದ ಆದದ್ದಲ್ಲ ಅದು."

ಅವಳು ನನ್ನ ಮುಖ ನೋಡುತ್ತ ನಿಂತಳು. ಇನ್ನೊಂದು ಮಾತು ಬರುತ್ತದೆಂದು ಕಾದಳೋ ಏನೋ. ಬರಲಿಲ್ಲ. ಕೊನೆಗೆ ನನ್ನ ಗಲ್ಲ ಮುಟ್ಟಿ, "ನೀ ಒಳ್ಳ್ಯಾಂವ, ಹಂಗ ಅಂತಿ," ಎಂದಳು.

ಅವಳು ಹೋಗಿ ಬಹಳ ವರ್ಷವಾಯಿತು. ವಸ್ತಾದರೂ ಇಲ್ಲ. ಆ ತಾಲೀಮಿನಲ್ಲಿ ನಮ್ಮ ಜೊತೆ ಇದ್ದವರು ಯಾರೂ ಉಳಿದಿಲ್ಲ. ಸೋಮವಾರದಿಂದ ಶನಿವಾರದವರೆಗಿನ ಆ ಆರು ದಿನದ ಸಂಗತಿ ಗೊತ್ತಿರುವವನು ನಾನೊಬ್ಬನೇ. ಈಗ ಬರೆದಿದ್ದೇನೆ. ಇದನ್ನು ಕೇಳಬೇಕಾಗಿದ್ದವಳು ತನ್ನ ಕೈಯನ್ನು ತಾನೇ ಶಪಿಸಿಕೊಳ್ಳುತ್ತ ಸತ್ತಳು.