ಹುಣಸೇಹಣ್ಣು ಹಚ್ಚಿ ತೊಳೆದ ಲೇತು

ಮನೆಯಲ್ಲೇ ಕಬ್ಬಿಣ ಕಡೆಯುವ ಒಂದು ಸಣ್ಣ ಲೇತು ಇಟ್ಟುಕೊಳ್ಳಬೇಕು ಅನ್ನುವ ಹುಡುಗರು ಈಗಲೂ ನನ್ನ ಹತ್ತಿರ ಬರುತ್ತಾರೆ. ಎಂಥ ಲೇತು ತರಬೇಕು, ಎಲ್ಲಿ ಇಡಬೇಕು, ಸಾಣೆಚಕ್ರ ಎಷ್ಟು ದೊಡ್ಡದಿರಬೇಕು ಎಂದು ಕೇಳುತ್ತಾರೆ. ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ಅದರ ಜೊತೆಗೆ ಅವರು ಕೇಳದ ಒಂದು ಮಾತನ್ನೂ ಹೇಳಿ ಕಳಿಸುತ್ತೇನೆ. ಆಯುಧಪೂಜೆಯ ಹಿಂದಿನ ದಿನ ಲೇತಿನ ಹತ್ತಿರ ಹುಣಸೇಹಣ್ಣು, ಇಟ್ಟಿಗೆಪುಡಿ ಸುಳಿಯದ ಹಾಗೆ ನೋಡಿಕೊಳ್ಳಿ ಅಂತ. ಅವರು ನಗುತ್ತಾರೆ. ಈಗ ನಾನೂ ನಗುತ್ತೇನೆ.

ನಮ್ಮೂರು ಮುಳಬಾಗಿಲಿನಿಂದ ಕುರುಡುಮಲೆಗೆ ಹೋಗುವ ಕಡೆ. ಮನೆಗೆ ರಾಗಿ ಹೊಲ, ಬಾವಿಯ ಕೆಳಗೆ ಒಂದಿಷ್ಟು ಹಿಪ್ಪುನೇರಳೆ. ನಮ್ಮ ವಂಶದಲ್ಲಿ ಕಾಲೇಜು ಓದಿ ಡಿಗ್ರಿ ತಂದವನು ನಾನೇ ಮೊದಲು. ಹೀಗೆ ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ. ಮುಳಬಾಗಿಲ ಸ್ಕೂಲಿಗೆ ನಡೆದು ಹೋಗಿ, ಕೋಲಾರದಲ್ಲಿ ಯಾರದೋ ಮನೆಯ ಜಗಲಿಯಲ್ಲಿ ಮಲಗಿ ಹೈಸ್ಕೂಲು ಮುಗಿಸಿ, ಬೆಂಗಳೂರಿನ ಹಾಸ್ಟೆಲ್ಲಿನಲ್ಲಿ ಮುದ್ದೆ ಸಿಗದೆ ಸೊರಗಿ ಬಿ.ಎಸ್ಸಿ. ಮಾಡಿದೆ. ಅಪ್ಪ ಅಮ್ಮ ತಿನ್ನದೆ ಉಳಿಸಿದ್ದರಲ್ಲಿ ನಾನು ಓದಿದ್ದು. ಅದನ್ನು ಮರೆತರೆ ಆ ಡಿಗ್ರಿಗೆ ಬೆಲೆಯಿಲ್ಲ.

ಅಷ್ಟು ಓದಿದ ಮಗ ಕೋಲಾರದ ಯಾವುದಾದರೂ ಆಫೀಸಿನಲ್ಲಿ ಕುರ್ಚಿಯ ಮೇಲೆ ಕೂತುಕೊಳ್ಳುತ್ತಾನೆ ಎಂದು ಅಪ್ಪ ಕಾದಿದ್ದರು. ನಾನು ಗಾಡಿಯಲ್ಲಿ ಲೇತು ಹೇರಿಕೊಂಡು ಬಂದೆ.

ಲೇತು ನಮ್ಮ ಸೋದರಮಾವನದು. ಅವರು ಚಿನ್ನದ ಗಣಿಯ ಕಡೆ ಒಂದು ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದವರು. ಮನೆಯ ಹಿಂದೆ ಸ್ವಂತಕ್ಕೆ ಒಂದು ಸಣ್ಣ ಲೇತು ಇಟ್ಟಿದ್ದರು. ಕರೆಂಟು ಬೇಡ, ಹೊಲಿಗೆ ಮಿಷಿನ್ನಿನ ಹಾಗೆ ಕಾಲಲ್ಲಿ ತುಳಿದು ಓಡಿಸುವುದು. ಅದೇ ತುಳಿತಕ್ಕೆ ಇನ್ನೊಂದು ಬೆಲ್ಟು ಹಾಕಿದರೆ ಪಕ್ಕದ ಸಾಣೆಚಕ್ರವೂ ತಿರುಗುತ್ತಿತ್ತು. ರಜ ಬಂತೆಂದರೆ ನಾನು ಮಾವನ ಮನೆಯಲ್ಲಿರುತ್ತಿದ್ದೆ. ಅವರು ಪಾಠ ಅಂತ ಕೂರಿಸಿ ಹೇಳಿದವರಲ್ಲ, ಬೈಯುತ್ತಾ ಕಲಿಸಿದರು. "ಲೇತಿನ ಮುಂದೆ ಪಂಚೆ ಉಟ್ಕಂಡು ನಿಂತ್ಯೋ, ಪಂಚೆ ಜೊತೆ ನೀನೂ ಸುತ್ಕೊಂತೀಯ." "ಕಬ್ಬಿಣ ಕಚ್ಚಿ ಹಿಡಿದು ತಿರುಗಿಸೋ ಚಕ್ಕಿಗೆ ಕೀಲಿ ಹಾಕಿದ ಕೈ ಕೀಲಿ ಕಿತ್ತ ಮೇಲೇ ಬೇರೆ ಕೆಲಸಕ್ಕೆ ಹೋಗ್ಬೇಕು." "ಕೊಯ್ಯೋ ಟೂಲಿನ ಮೂತಿ ಕಡೆಯೋ ತುಂಡಿನ ನಡುಮಧ್ಯಕ್ಕೆ ಸರಿಯಾಗಿರಲಿ. ಮೇಲಾದ್ರೆ ಉಜ್ಜುತ್ತೆ, ಕೆಳಗಾದ್ರೆ ಒಳಕ್ಕೆ ನುಗ್ಗುತ್ತೆ." ಈ ಮೂರು ಮಾತನ್ನು ಇವತ್ತಿಗೂ ಯಾರು ಕೇಳಿದರೂ ಹಾಗೇ ಹೇಳುತ್ತೇನೆ. ಅವರು ಕೆಲಸ ಬಿಟ್ಟು ವಿಶ್ರಾಂತಿಗೆಂದು ಕೂತಾಗ, "ಇದನ್ನ ತಗಂಡೋಗೋ, ನನ್ನ ಕಾಲು ಸಾಕು ಅಂತಾವೆ" ಎಂದು ಲೇತನ್ನೇ ಕೊಟ್ಟುಬಿಟ್ಟರು.

ಅದನ್ನಿಡಲು ಮನೆಯಲ್ಲಿ ಜಾಗವಿರಲಿಲ್ಲ. ಕೊಟ್ಟಿಗೆಯ ಒಂದು ಮಗ್ಗುಲಲ್ಲಿ ಎತ್ತುಗಳನ್ನು ಈಚೆಗೆ ಕಟ್ಟಿ, ನೆಲಕ್ಕೆ ಚಪ್ಪಡಿ ಹಾಸಿ, ಜಾಲಿಮರದ ಕಾಲುಗಳ ಮೇಲೆ ನಿಲ್ಲಿಸಿದೆ. ಅಪ್ಪ ಬಾಗಿಲಲ್ಲಿ ನಿಂತು ನೋಡಿದರು.

"ಏನ್ಲಾ, ಬೆಂಗಳೂರಿಗೆ ಹೋಗಿ ಕಲ್ತದ್ದು ತುಳಿಯೋದಾ? ಅದಾದ್ರೆ ಬಾವಿ ಮೇಲಿನ ಏತ ತುಳಿದು ನಾನೇ ಕಲಿಸ್ತಿದ್ನಲ್ಲ."

"ಇದು ಬೇರೆ ಅಪ್ಪಾ. ಯುದ್ಧದ ಕಾಲ, ಎಲ್ಲೂ ಬಿಡಿಭಾಗ ಸಿಗ್ತಿಲ್ಲ. ಕೆಲಸ ಬಂದೇ ಬರುತ್ತೆ."

"ಬರ್ಲಿ. ಯುಗಾದಿವರೆಗೂ ನೋಡ್ತೀನಿ. ನಾಲ್ಕು ಜನ ನೆಚ್ಚಿ ಬರೋ ಹಂಗೆ ಒಂದು ಕೆಲಸ ಮಾಡಿ ತೋರ್ಸು. ಇಲ್ದಿದ್ರೆ ಎತ್ತು ಅದರ ಜಾಗಕ್ಕೆ, ನೀನು ಆಫೀಸಿಗೆ."

ಅವರು ಹೇಳಿದರೆ ಹೇಳಿದ ಹಾಗೆಯೇ. ಲೇತು ಉಳಿಯುವುದೂ ಹೋಗುವುದೂ ಆ ಒಂದು ಕೆಲಸದ ಮೇಲೆ ನಿಂತಿತು.

ಕೆಲಸ ಬಂದದ್ದು ಶ್ರೀನಿವಾಸಪುರದಿಂದ. ಅಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಸುವ ಒಬ್ಬ ಸಾಹೇಬರಿದ್ದರು. ನಮ್ಮ ಹಿಪ್ಪುನೇರಳೆಯ ದೆಸೆಯಿಂದ ಅಪ್ಪನಿಗೆ ಪರಿಚಯ. ನೂಲು ಸುತ್ತಿಕೊಳ್ಳುವ ದೊಡ್ಡ ರಾಟೆಯ ನಡುವಿನ ಅಚ್ಚು ಸವೆದು, ರಾಟೆ ಓಲಾಡುತ್ತಾ, ಎಳೆ ಗಳಿಗೆಗೊಂದು ಸಲ ತುಂಡಾಗುತ್ತಿತ್ತು. ಹೊಸ ಅಚ್ಚು ಬೆಂಗಳೂರಿನಲ್ಲೂ ಇಲ್ಲ. ಸವೆದ ಅಚ್ಚನ್ನು ಚೀಲದಲ್ಲಿ ಸುತ್ತಿಕೊಂಡು ನಮ್ಮ ಕೊಟ್ಟಿಗೆಗೆ ಬಂದರು.

"ನೋಡಪ್ಪಾ ಬಿ.ಎಸ್ಸಿ., ದಸರಾ ಆದ ಮೇಲೆ ಗೂಡು ಬರ್ತದೆ. ಗೂಡು ಬಂದ್ರೆ ಕಾಯೋ ಹಾಗಿಲ್ಲ, ಹುಳ ತೂತು ಮಾಡಿ ಹಾರೋಗ್ತದೆ. ಅಷ್ಟ್ರಲ್ಲಿ ಕೊಡ್ತೀಯಾ?"

"ಕೊಡ್ತೀನಿ ಸಾಹೇಬ್ರೇ."

"ನಿಮ್ಮಪ್ಪ ಏನೋ ಬೇರೆ ಹೇಳ್ತಾರೆ."

ಅಪ್ಪ ಎತ್ತಿನ ಮೈ ತಿಕ್ಕುತ್ತಿದ್ದವರು ತಿರುಗಿ ನೋಡಲಿಲ್ಲ. "ನಾನೇನೂ ಹೇಳಿಲ್ಲ. ಅವನು ಕೊಡ್ತೀನಿ ಅಂದವ್ನೆ, ಅವನ್ನೇ ಕೇಳು" ಅಂದರು.

ಮುರಿದ ಗಾಡಿಯ ಒಂದು ಉಕ್ಕಿನ ಇರಸು, ಅಂದರೆ ಗಾಲಿಯ ಅಚ್ಚು, ಸಿಕ್ಕಿತು. ಅದನ್ನು ಒರಟಾಗಿ ಕಡೆದು ಅಳತೆಗೆ ಹತ್ತಿರ ತಂದೆ. ಅಚ್ಚಿನ ಎರಡು ತುದಿ ಕೂತು ತಿರುಗುವುದಕ್ಕೆ ಹಿತ್ತಾಳೆಯ ಬಳೆಯಂಥ ಬುಷ್ಷು ಬೇಕಿತ್ತು. ಹಿತ್ತಾಳೆ ತರಲು ಕೋಲಾರಕ್ಕೆ ಹೋದೆ. ವಾಪಸು ಬಂದದ್ದು ಆಯುಧಪೂಜೆಯ ದಿನ ಬೆಳಗ್ಗೆ.

ಕೊಟ್ಟಿಗೆಗೆ ಕಾಲಿಟ್ಟರೆ ಲೇತು ಫಳಫಳ ಹೊಳೆಯುತ್ತಿದೆ. ನೇಗಿಲು, ಕುಡುಗೋಲು, ಗುದ್ದಲಿ ಎಲ್ಲ ಸಾಲಾಗಿ ಕೂತಿವೆ, ನಡುವೆ ಲೇತು ಮದುಮಗಳ ಹಾಗೆ. ಮೈತುಂಬ ಅರಿಶಿನ ಕುಂಕುಮ, ಚೆಂಡುಹೂವು. ಕುಡುಗೋಲಿನ ಪಕ್ಕದಲ್ಲಿ ನನ್ನ ಡಿಗ್ರಿಯ ಕಾಗದವನ್ನೂ ಬಿಚ್ಚಿಟ್ಟು, ಅದರ ಮೂಲೆಗೆ ಅಮ್ಮ ಒಂದು ಅರಿಶಿನದ ಬೊಟ್ಟು ಇಟ್ಟಿದ್ದಳು. ಆ ಬೊಟ್ಟು ಇವತ್ತಿಗೂ ಇದೆ.

ಅಮ್ಮ ಆಂಧ್ರದ ಗಡಿಯ ಕಡೆಯವಳು. ನನ್ನನ್ನು ಮುದ್ದಿಗೆ ಕರೆಯುತ್ತಿದ್ದದ್ದು ತೆಲುಗಿನಲ್ಲಿ, ನಾಯನಾ ಅಂತಲೇ. "ನಾಯನಾ, ನಿನ್ನೆ ಇಡೀ ದಿನ ಕೂತು ತಿಕ್ಕಿದೀನಿ. ಎಷ್ಟು ಜಿಡ್ಡು ಇಟ್ಕಂಡಿದ್ದೆ ಅದಕ್ಕೆ. ದೇವರ ಮುಂದಿನ ದೀಪ ತಿಕ್ಕಿದ ಹಂಗೆ ಹುಣಸೇಹಣ್ಣು, ಇಟ್ಟಿಗೆಪುಡಿ ಹಾಕಿ ತಿಕ್ಕಿ, ನೀರು ಸುರಿದೆ" ಅಂದಳು.

ಆ ಜಿಡ್ಡು ತುಕ್ಕು ಹಿಡಿಯದಿರಲಿ ಅಂತ ನಾನೇ ಹಚ್ಚಿದ ಎಣ್ಣೆ. ಹತ್ತಿರ ಹೋಗಿ ಬಗ್ಗಿ ನೋಡಿದೆ. ಟೂಲು ಹಿಡಿಯುವ ಭಾಗ ಹಿಂದೆ ಮುಂದೆ ಜಾರುವ ಕಬ್ಬಿಣದ ಹಾಸಿನ ಮೇಲೆ ಹುಣಸೆಯ ಹುಳಿ ಆಗಲೇ ಕೆಂಪಗೆ ತುಕ್ಕು ಹಿಡಿಸಿತ್ತು. ಸಂದುಗಳಲ್ಲೆಲ್ಲ ಇಟ್ಟಿಗೆಪುಡಿಯ ಗೆರೆ. ಅದೇ ಪುಡಿಯ ಮೇಲೆ ಒಂದು ಸಲ ಓಡಿಸಿದರೂ ಹಾಸು ಗೀರಿ ಹೋಗುತ್ತದೆ. ಗೀರಿದ ಹಾಸಿನ ಮೇಲೆ ಕಡೆದ ಅಚ್ಚು ಎಲ್ಲೋ ದಪ್ಪ, ಎಲ್ಲೋ ಸಣ್ಣ. ಒರೆಸೋಣ ಅಂತ ಕೈ ಚಾಚಿದೆ.

"ಮುಟ್ಬೇಡ" ಅಂದರು ಅಪ್ಪ. "ಪೂಜೆಗೆ ಕೂತಿರೋ ಆಯುಧ. ನಾಳೆ ಬೆಳಗ್ಗೆ ಎತ್ತಬೇಕು."

"ಅಪ್ಪಾ, ಅದು ಒಳಗೊಳಗೇ ತಿಂದೋಗ್ತದೆ."

"ನನ್ನ ನೇಗಿಲೂ ಕೂತೈತೆ. ಮಳೆ ಬಂದ್ರೂ ಇವತ್ತು ಎತ್ತಲ್ಲ."

ನಾನು ಎತ್ತಲಿಲ್ಲ. ಓದಿದವನು ಅಂತ ನನ್ನ ಮಾತು ಸಾಧಿಸಿ ಅವರ ಹಬ್ಬ ಕೆಡಿಸುವುದು ನನ್ನಿಂದಾಗಲಿಲ್ಲ. ಆ ದಿನ ಒಬ್ಬಟ್ಟನ್ನು ಎಲೆಯಲ್ಲೇ ಬಿಟ್ಟು ಎದ್ದೆ ಅಷ್ಟೆ. ನನ್ನ ಮುಖ ನೋಡಿ ಅಮ್ಮನಿಗೆ ಏನೋ ತಪ್ಪಿದೆ ಅಂತ ಗೊತ್ತಾಯಿತು. "ಏಮಿರಾ, ಏನಾಯ್ತು ಹೇಳು" ಅಂತ ಹಿಂದೆ ಬಿದ್ದಳು. ಹೇಳಿದೆ. ಹುಳಿ ಹಿತ್ತಾಳೆಗೆ ಒಳ್ಳೇದು, ಕಬ್ಬಿಣಕ್ಕೆ ಕೆಟ್ಟದ್ದು, ಪುಡಿ ಸಂದಿಗೆ ಸೇರಿದರೆ ಅರದ ಹಾಗೆ ತೇಯುತ್ತದೆ ಅಂತ. ಅವಳು ಅಳಲಿಲ್ಲ. "ಹಂಗಾದ್ರೆ ನಾಳೆ ಯಾವುದರಲ್ಲಿ ತೊಳೀಬೇಕು?" ಅಂತ ಕೇಳಿದಳು.

"ಸೀಮೆಎಣ್ಣೆಯಲ್ಲಿ."

ಸೀಮೆಎಣ್ಣೆ ಆಗ ಅಳೆದು ಕೊಡುತ್ತಿದ್ದ ಕಾಲ. ಮನೆಯ ಬುಡ್ಡಿದೀಪಕ್ಕೆ ಬರುತ್ತಿದ್ದದ್ದೇ ಅಷ್ಟು. ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ಎದ್ದು ಹೋದರು.

ವಿಜಯದಶಮಿಯ ಬೆಳಗ್ಗೆ ಕಾಯಿ ಒಡೆದು ಆಯುಧ ಎತ್ತಿದೆವು. ಅಪ್ಪ ಒಳಗಿನಿಂದ ಸೀಮೆಎಣ್ಣೆಯ ಡಬ್ಬ ತಂದು ನನ್ನ ಕಾಲ ಹತ್ತಿರ ಇಟ್ಟರು. ಅಲುಗಾಡಿಸಿ ನೋಡಿದೆ, ಪೂರ್ತಿ ಇತ್ತು.

"ದೀಪಕ್ಕೆ?"

"ಹೊಂಗೆ ಎಣ್ಣೆ ಐತೆ. ನಮ್ಮಪ್ಪನ ಕಾಲದಲ್ಲಿ ಅದೇ ಉರೀತಿತ್ತು, ಯಾರೂ ಕುರುಡಾಗ್ಲಿಲ್ಲ."

ಲೇತನ್ನು ಪೂರ್ತಿ ಬಿಚ್ಚಿದೆ. ಅಮ್ಮ ರಾಗಿ ಕೇರುವ ಮೊರಗಳನ್ನು ತಂದು ಸಾಲಾಗಿ ಇಟ್ಟಳು. ಬಿಚ್ಚಿದ ಒಂದೊಂದು ಭಾಗವನ್ನೂ ಬಿಚ್ಚಿದ ಕ್ರಮದಲ್ಲೇ ಮೊರದಲ್ಲಿಟ್ಟು, ಒಂದು ಮೊರದ ತಿರುಪು ಇನ್ನೊಂದಕ್ಕೆ ಹೋಗದ ಹಾಗೆ ಕಾದಳು. ಯಾವ ಯಂತ್ರ ಬಿಚ್ಚಿದರೂ ಹೀಗೆಯೇ ಮಾಡಿ ಅಂತ ನಾನು ಹೇಳುವುದು ಅವಳಿಂದ ಕಲಿತು. ತೆಂಗಿನ ನಾರಿನಲ್ಲಿ ತಿಕ್ಕಿ, ಸೀಮೆಎಣ್ಣೆಯಲ್ಲಿ ಅದ್ದಿ, ಹಳೇ ಸೀರೆಯಲ್ಲಿ ಒರೆಸಿ, ಕೊನೆಗೆ ಅವಳ ತಲೆಗೆ ಅಂತ ಇಟ್ಟಿದ್ದ ಹರಳೆಣ್ಣೆ ಹಚ್ಚಿದೆವು. ತುಕ್ಕು ಮೇಲುಮೇಲೆ ಇತ್ತು, ಬಿಟ್ಟಿತು. ಹಾಸಿನ ಮೇಲೆ ಬೆರಳಾಡಿಸಿದರೆ ಗೀರು ತಗುಲಲಿಲ್ಲ. ಮತ್ತೆ ಜೋಡಿಸಿ ಟೂಲು ಹಿಡಿಯುವ ಭಾಗವನ್ನು ತಳ್ಳಿದೆ. ಬೆಣ್ಣೆಯ ಮೇಲೆ ಹೋದ ಹಾಗೆ ಹೋಯಿತು.

ಇನ್ನು ಟೂಲಿಗೆ ಸಾಣೆ ಹಿಡಿಯಬೇಕು. ಸಾಣೆಚಕ್ರದ ಬೆಲ್ಟು ಹಾಕಿ ತುಳಿಯಬೇಕು ಅನ್ನುವಾಗ ಅಮ್ಮ, "ತಡಿ ನಾಯನಾ" ಅಂದಳು.

ಇಲ್ಲಿ ಒಂದು ಹಿಂದಿನ ಮಾತು ಹೇಳಬೇಕು. ಸಾಣೆಚಕ್ರವನ್ನು ಮೊದಲ ಸಲ ಹಾಕುವಾಗ ನಾನು ಅದನ್ನು ಬೆರಳಿಗೆ ತೂಗುಹಾಕಿ, ಮರದ ಹಿಡಿಯಿಂದ ತಟ್ಟಿ ಸದ್ದು ಕೇಳಿದ್ದೆ. ಅಮ್ಮ ನಕ್ಕಿದ್ದಳು. "ಸಂತೆಲಿ ಮಡಕೆ ಕೊಳ್ತಿದೀಯೇನೋ?" ಅಂತ. ಹೌದಮ್ಮ, ಅದೇ ಲೆಕ್ಕ, ಬಿರುಕಿದ್ದರೆ ಸದ್ದು ಸತ್ತಿರುತ್ತದೆ, ಬಿರುಕು ಬಿಟ್ಟ ಚಕ್ರ ತಿರುಗುವಾಗ ಸಿಡಿದರೆ ಮುಂದೆ ನಿಂತವನ ಮುಖ ಉಳಿಯಲ್ಲ ಅಂತ ಹೇಳಿದ್ದೆ. ಹೇಳಿದ್ದು ನಾನು ಮರೆತೆ, ಅವಳು ಮರೆತಿರಲಿಲ್ಲ.

"ಮೊನ್ನೆ ತಿಕ್ಕುವಾಗ ಅದನ್ನ ಬಿಚ್ಚಿ ಕೆಳಗಿಟ್ಟೆ. ಕೈ ಜಾರಿ ಚಪ್ಪಡಿಗೆ ತಗುಲ್ತು. ಏನೂ ಆಗ್ಲಿಲ್ಲ ಅಂತ ಹಂಗೇ ಹಾಕ್ದೆ. ತಟ್ಟಿ ನೋಡು."

ಬಿಚ್ಚಿ ಅವಳ ಕೈಗೇ ಕೊಟ್ಟೆ. ಬೆರಳಿಗೆ ತೂಗುಹಾಕಿಕೊಂಡು ಮುದ್ದೆಕೋಲಿನಲ್ಲಿ ತಟ್ಟಿದಳು. ಠಪ್ ಅಂದಿತು. ಸುತ್ತ ತಟ್ಟಿದಳು. ಎಲ್ಲೂ ದನಿಯಿಲ್ಲ.

"ಈ ಮಡಕೆ ನಾನು ಕೊಳ್ಳಲ್ಲ" ಅಂದಳು.

ಬಿಸಿಲಿಗೆ ಹಿಡಿದರೆ ಕೂದಲೆಳೆಯಂಥ ಬಿರುಕು ಕಾಣಿಸಿತು. ಆ ದಿನ ನನ್ನ ಕಣ್ಣು ಉಳಿಸಿದವಳು ಅವಳು. ಕೆಡವಿದವಳೂ ಅವಳೇ ಅಲ್ಲವೇ ಅಂತ ಅಪ್ಪ ಆಮೇಲೆ ಎಷ್ಟೋ ವರ್ಷ ಕಾಡಿದರು. ನನಗೆ ಆ ಲೆಕ್ಕ ಬೇಡ. ಕೆಡವಿದ್ದನ್ನು ಮುಚ್ಚಿಡದೆ ಹೇಳಿದಳಲ್ಲ, ಅಷ್ಟು ಸಾಕು. ಬೀಳಿಸಿದ ಚಕ್ರವನ್ನು ಯಾರು ಬೀಳಿಸಿದರು ಅಂತ ವಿಚಾರಿಸುವುದಕ್ಕೆ ಮೊದಲು ತಟ್ಟಿ ನೋಡಿ. ಬೈಗುಳಕ್ಕೆ ಹೆದರಿ ಬಾಯಿ ಬಿಡದ ಮನೆಯಲ್ಲಿ ಸಾಣೆಚಕ್ರ ಇಡಬೇಡಿ.

ಬೇರೆ ಚಕ್ರ ಎಲ್ಲಿಂದ ತರುವುದು? ಅಪ್ಪ ಕುಡುಗೋಲು ಮಸೆಯುವ ಕಲ್ಲನ್ನು ನೀರಿನಲ್ಲಿ ನೆನೆಸಿ ಕೂತುಕೊಂಡರು. ಟೂಲಿನ ಯಾವ ಮೈ ಎಷ್ಟು ಇಳಿಜಾರಿರಬೇಕು ಅಂತ ನಾನು ತೋರಿಸಿದೆ. ಅವರು ಮಸೆದರು. ಆಮೇಲೆ ನಾನು ಮಸೆದೆ, ಮತ್ತೆ ಅವರು. ಕಲ್ಲಿನಲ್ಲಿ ನಿಧಾನ, ಆದರೆ ಟೂಲು ಸುಡುವ ಭಯವಿಲ್ಲ. ಅಂಥ ಅಲಗು ಚಕ್ರದಲ್ಲಿ ನನಗೆ ಯಾವತ್ತೂ ಬಂದದ್ದಿಲ್ಲ.

ಮಾರನೆಯ ದಿನ ಅಚ್ಚಿನ ಕೊನೆಯ ಕಡೆತ. ಆಗ ತುಳಿತ ಒಂದೇ ಸಮ ಇರಬೇಕು, ಕೈಯೂ ಅಲ್ಲಾಡಬಾರದು. ನಾನೊಬ್ಬನೇ ಎರಡನ್ನೂ ಮಾಡಲು ಹೆಣಗುವುದನ್ನು ಅಪ್ಪ ನೋಡುತ್ತಿದ್ದರು. ಪಂಚೆ ಎತ್ತಿ ಕಚ್ಚೆ ಕಟ್ಟಿ ಬಂದು ತುಳಿಯುವ ಹಲಗೆಯ ಮೇಲೆ ಕಾಲಿಟ್ಟರು.

"ಏತ ತುಳಿದ ಕಾಲು. ನೀನು ಕೈ ನೋಡ್ಕೋ" ಅಂದರು.

ಏತದ ಮೇಲೆ ಮೂವತ್ತು ವರ್ಷ ಹೆಜ್ಜೆ ಹಾಕಿದ ಕಾಲು ಅದು. ಚಕ್ಕು ಒಂದೇ ಹದದಲ್ಲಿ ತಿರುಗಿತು. ಉಕ್ಕು ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡು ಬಂತು. ಅಪ್ಪ ಒಂದು ಸುರುಳಿ ಎತ್ತಿಕೊಳ್ಳಲು ಬಗ್ಗಿದರು. "ಬರಿಗೈಲಿ ಮುಟ್ಬೇಡಿ, ಕೊಯ್ಯುತ್ತೆ" ಅಂದೆ. ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ನಾನು ಹೇಳಿದ ಮಾತನ್ನು ಅವರು ಹಾಗೆ ಕೇಳಿದ್ದು ಅದೇ ಮೊದಲು.

ಹಿತ್ತಾಳೆಯ ಬುಷ್ಷುಗಳನ್ನೂ ಕಡೆದು ಮುಗಿಸಿ, ಅಚ್ಚಿನ ಜೊತೆ ತೆಗೆದುಕೊಂಡು ಅಪ್ಪ ಮಗ ಇಬ್ಬರೂ ಶ್ರೀನಿವಾಸಪುರಕ್ಕೆ ಹೋದೆವು. ಸಾಹೇಬರ ಅಂಗಳದಲ್ಲಿ ಗೂಡಿನ ಬುಟ್ಟಿಗಳು ಬಂದು ಇಳಿದಿದ್ದವು. ಅಚ್ಚು ಕೂರಿಸಿ ರಾಟೆ ತಿರುಗಿಸಿದರೆ ಓಲಾಟವಿಲ್ಲ. ಬಿಸಿನೀರಿನಿಂದ ಎಳೆ ಎದ್ದು ರಾಟೆಗೆ ಸುತ್ತಿಕೊಳ್ಳತೊಡಗಿತು. ಎಲ್ಲರೂ ಅದು ತುಂಡಾಗುವುದನ್ನು ಕಾಯುತ್ತಾ ನಿಂತೆವು. ತುಂಡಾಗಲಿಲ್ಲ. ಸಾಹೇಬರು ನನ್ನ ಕಡೆ ನೋಡದೆ ಅಪ್ಪನಿಗೆ ಹೇಳಿದರು: "ಪಕ್ಕದ ಬೀದಿಲಿ ಇಬ್ರದ್ದು ರಾಟೆ ಹಿಂಗೇ ಕುಣೀತಾ ಐತೆ. ಕಳಿಸ್ಲಾ?"

"ಅವನ್ನ ಕೇಳು" ಅಂದರು ಅಪ್ಪ.

ಮನೆಗೆ ಬರುವ ದಾರಿಯುದ್ದಕ್ಕೂ ಲೇತಿನ ಮಾತೇ ಎತ್ತಲಿಲ್ಲ. ರಾಗಿ ತೆನೆಯ ಮಾತು, ಅವರೆ ಹೂವಿನ ಮಾತು. ಊರು ಕಂಡಾಗ ಹೇಳಿದರು: "ಎತ್ತುಗಳಿಗೆ ಆಚೆ ಕಡೆ ಒಂದು ಚಪ್ಪರ ಹಾಕ್ಬೇಕು ಕಣೋ. ಯುಗಾದಿವರೆಗೂ ಕಾಯೋದು ಬೇಡ."

ಅಮ್ಮ ಇರುವವರೆಗೂ ಪ್ರತಿ ಆಯುಧಪೂಜೆಗೆ ಲೇತನ್ನು ಅವಳೇ ಒರೆಸುತ್ತಿದ್ದಳು, ಎಣ್ಣೆ ಬಟ್ಟೆಯಲ್ಲಿ ಮಾತ್ರ. ಅರಿಶಿನ ಕುಂಕುಮವನ್ನು ಜಾಲಿಮರದ ಕಾಲಿಗೆ ಹಚ್ಚಿ, "ಕಾಲಿಗೆ ಇಟ್ರೂ ದೇವರಿಗೆ ಸಲ್ಲುತ್ತೆ" ಅನ್ನುತ್ತಿದ್ದಳು. ಆಮೇಲೆ ಹೊಸದಾಗಿ ತಂದ ಸಾಣೆಚಕ್ರವನ್ನು ಬಿಚ್ಚಿ ಬೆರಳಿಗೆ ತೂಗುಹಾಕಿ, ಮುದ್ದೆಕೋಲಿನಲ್ಲಿ ತಟ್ಟಿ, ಕಿವಿಗೊಟ್ಟು ಕೇಳಿ, ನನ್ನ ಕೈಗೆ ಕೊಡುತ್ತಿದ್ದಳು.