ಕುಸುಮಾ ಕಾಕು ಮತ್ತು ಒಲೆ ಕಾಣದ ಸಿಹಿ

ಕುಸುಮಾ ಕಾಕು ಯಾವ ತಿನಿಸನ್ನೂ ಬೈಯದೆ ಬಾಯಿಗಿಟ್ಟವರಲ್ಲ. ಮೊದಲು ತಟ್ಟೆಯನ್ನು ಮೂಗಿನವರೆಗೆ ಎತ್ತುತ್ತಿದ್ದರು; ಬಳಿಕ ಮಾಡಿದವರ ಮುಖವನ್ನು ನೋಡುತ್ತಿದ್ದರು. ಗೋಕಾಕದಲ್ಲಿಯೇ ಹುಟ್ಟಿ ಬೆಳೆದರೂ ಕರದಂಟಿನ ಮೇಲೆ ಅವರಿಗೆ ಗೌರವವಿರಲಿಲ್ಲ. "ಹಲ್ಲಿನ ಡಾಕ್ಟರಗ ಗಿರಾಕಿ ಕಳಸಾಕ ಮಾಡ್ತಾರದನ್ನ" ಎನ್ನುತ್ತಿದ್ದರು. ಅವರ ಮನೆಯ ಹಿಂಬದಿಯ ಕೋಣೆಯಲ್ಲಿ ನಾನು ಬಾಡಿಗೆಗಿದ್ದ ಮೂರು ವರ್ಷಗಳಲ್ಲಿ ನನ್ನ ಒಂದು ಪಲ್ಯವೂ ಅವರ ತೀರ್ಪಿನಿಂದ ಪಾರಾಗಲಿಲ್ಲ.

ಎರಡು ಸಾವಿರದ ಇಸವಿಯ ಆಚೀಚಿನ ಮಾತಿದು. ಮಮದಾಪುರದ ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಗೋಕಾಕದಿಂದ ದಿನವೂ ಬಸ್ಸಿನಲ್ಲಿ ಹೋಗಿಬರುತ್ತ ಮೂಡಲಗಿಯ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಹಂಗಾಮಿ ಶಿಕ್ಷಕಿಯಾಗಿದ್ದೆ. ನನ್ನಂತೆಯೇ ಹಂಗಾಮಿಯಾಗಿದ್ದ ಇನ್ನೊಬ್ಬ ಶಿಕ್ಷಕರೂ ಇದ್ದರು; ಆ ವರ್ಷ ನಮ್ಮಿಬ್ಬರಲ್ಲಿ ಒಬ್ಬರನ್ನು ಮಾತ್ರ ಖಾಯಂ ಮಾಡುವವರಿದ್ದರು. ತೀರ್ಮಾನಿಸಬೇಕಾದ ಶಾಲಾ ಆಡಳಿತ ಮಂಡಳಿಯ ಅಧ್ಯಕ್ಷರು ಹುಕ್ಕೇರಿಯ ವ್ಯಾಪಾರಿ. ಸಂಬಂಧದಲ್ಲಿ ಕಾಕುವಿಗೆ ಅಣ್ಣನಾಗಬೇಕು. ಅವರು ಒಂದು ರವಿವಾರ ಸಂಜೆ ತಂಗಿಯ ಮನೆಗೆ ಬರಲಿದ್ದಾರೆಂದು ತಿಳಿದಾಗ, ಸುಶಿಕ್ಷಿತಳಾಗಿ ಕಾಣಬೇಕೆಂಬ ಆತಂಕದಲ್ಲಿ ನಾನು ಮಾಸಪತ್ರಿಕೆಯಿಂದ ಕತ್ತರಿಸಿಟ್ಟಿದ್ದ ತಿರಾಮಿಸು ಎಂಬ ಇಟಲಿಯ ಸಿಹಿಯನ್ನು ಆರಿಸಿಕೊಂಡೆ.

ಕಾಫಿಯಲ್ಲಿ ಅದ್ದಿದ ಬಿಸ್ಕತ್ತಿನ ಪದರು, ಅದರ ಮೇಲೆ ಚೀಸು ಬೆರೆಸಿದ ಕೆನೆ, ಮತ್ತೆ ಬಿಸ್ಕತ್ತು, ಮತ್ತೆ ಕೆನೆ, ತುದಿಗೆ ಕೋಕೋ ಪುಡಿ. ಬೇಯಿಸುವ ಕೆಲಸವಿಲ್ಲ, ಒಂದು ದಿನ ಫ್ರಿಜ್ಜಿನಲ್ಲಿಟ್ಟರೆ ತಾನೇ ಗಟ್ಟಿಯಾಗುತ್ತದೆ. ಜೈನರ ಮನೆಯೆಂದು ತತ್ತಿ, ಮದ್ಯ ಎರಡನ್ನೂ ಕೈಬಿಟ್ಟೆ. ಬಿಸ್ಕತ್ತಿಗೆ ಬದಲಾಗಿ ಬೇಕರಿಯ ಟೋಸ್ಟ್, ಚೀಸಿಗೆ ಬದಲಾಗಿ ಶ್ರೀಖಂಡಕ್ಕೆ ಬಳಸುವ, ನೀರು ಬಸಿದ ಮೊಸರಿನ ಚಕ್ಕಾ. ನನ್ನ ಎಚ್ಚರಕ್ಕೆ ನಾನೇ ಮೆಚ್ಚಿ, ಶನಿವಾರವೇ ಮಾಡಿ ಕಾಕುವಿನ ಫ್ರಿಜ್ಜಿನಲ್ಲಿಟ್ಟೆ.

ಮರುದಿನ ಬೆಳಿಗ್ಗೆ ಅವರು ಪಾತ್ರೆ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದರು.

"ಏನ್ರೀ ಅಕ್ಕೋರ, ಗ್ವಾಡಿಗೆ ಮೆತ್ತೂ ಗಿಲಾವ ಏನಿದು?"

"ಇಟಲಿ ಸಿಹಿ ರೀ ಕಾಕು. ಒಲಿ ಹಚ್ಚೂದ ಬ್ಯಾಡ್ರಿ."

"ಒಲಿ ಕಾಣದ ಅಡಗಿ, ತಾಯಿ ಕಾಣದ ಕೂಸು, ಎರಡೂ ಒಂದ. ಯಾವಾಗ ಮಾಡೀರಿ?"

"ನಿನ್ನಿ ಮಾಡೇನ್ರಿ."

"ನಿನ್ನಿದಾ! ಬಾಸಿ ಅಡಗಿ ಅಣ್ಣ ಮುಟ್ಟತಾನೇನ? ಇವತ್ತಿಂದು ಇವತ್ತ ಆಗಬೇಕು, ಹೊತ್ತು ಮುಳಗಿದ ಮ್ಯಾಲೆ ನೀರೂ ಕುಡಿಯಂಗಿಲ್ಲ ಅಂವ. ನಮ್ಮ ಮನ್ಯಾಗ ಮೂರು ವರ್ಷ ಇದ್ದೀರಿ. ಬಿ.ಎಸ್ಸಿ. ಪುಸ್ತಕದಾಗ ಇದು ಬರದಿರಲಿಲ್ಲೇನ?"

ಅಂಥ ಸಾಮಾನ್ಯ ತಿಳಿವಳಿಕೆಯೂ ನನಗಿರಲಿಲ್ಲ. ನಾನು ಅಳುವಂತಾದೆ. ಕಾಕು ಮಾತ್ರ ಸೆರಗು ಸಿಕ್ಕಿಸಿ, ತಾಜಾ ಹಾಲು ಒಡೆಸಿ, ಕೆನೆ ಕಡೆದು, ಟೋಸ್ಟುಗಳನ್ನು ಕಾಫಿಯಲ್ಲಿ ಮುಳುಗಿಸುತ್ತ ಇಟಲಿಯ ಹೆಂಗಸರನ್ನೆಲ್ಲ ಸೋಮಾರಿಗಳೆಂದು ಜರೆಯುತ್ತ ಇನ್ನೊಂದು ತಿರಾಮಿಸು ಕಟ್ಟಿದರು. ಅದನ್ನು ಫ್ರಿಜ್ಜಿನಲ್ಲಿಟ್ಟ ಅರ್ಧ ಗಂಟೆಗೆ ಕರೆಂಟು ಹೋಯಿತು, ಸಂಜೆಯವರೆಗೂ ಬರಲಿಲ್ಲ.

ಅಧ್ಯಕ್ಷರು ಬಂದಾಗ ಬಿಸಿಲು ಗೋಡೆಯ ಮೇಲೇರಿತ್ತು. ಚಮಚ ತಾಗಿದೊಡನೆ ಪದರುಗಳೆಲ್ಲ ಕುಸಿದು ಬಟ್ಟಲಿನಲ್ಲಿ ಹರಿದವು.

"ಯಾರ ಮಾಡಿದ್ದಿದು?" ಎಂದು ಅವರು ಹುಬ್ಬೇರಿಸಿದರು.

ನಾನು ಬಾಯಿ ತೆರೆಯುವ ಮೊದಲೇ ಕಾಕು ಹೇಳಿದರು: "ನಾನ ಮಾಡೇನಿ. ಈ ಅಕ್ಕೋರಿಗೆ ಅಡಗಿ ಬರಾಂಗಿಲ್ಲ, ಮಂದಿ ಮುಂದ ಮಾತಾಡಾಕ ಬರಾಂಗಿಲ್ಲ. ಬರೂದೊಂದ, ಸಾಲಿ ಕಲಿಸೂದು. ಓಣಿ ಹುಡುಗರನ್ನೆಲ್ಲ ನನ್ನ ಕಟ್ಟಿ ಮ್ಯಾಲ ಕುಂಡ್ರಿಸಿ ಗಣಿತ ಹೇಳ್ತಾರ, ಆ ಗದ್ದಲದಾಗ ನನಗ ನಿದ್ದಿಲ್ಲ. ನಮ್ಮ ದಡ್ಡ ಮೊಮ್ಮಗಾನೂ ಪಾಸಾಗ್ಯಾನ ಅಂದ್ರ ಲೆಕ್ಕ ಹಾಕು. ತಿನ್ನು ಅಣ್ಣಾ, ಹೊತ್ತು ಮುಳಗತೈತಿ."

ಅಧ್ಯಕ್ಷರು ನಕ್ಕರು, ಬಟ್ಟಲನ್ನೆತ್ತಿ ಅದನ್ನು ಅಂಬಲಿಯಂತೆ ಕುಡಿದರು.

ಮರುತಿಂಗಳು ನನ್ನ ಖಾಯಂ ಆದೇಶ ಬಂದಿತು. ಓಡಿ ಹೋಗಿ ಕಾಕುವಿಗೆ ತಿಳಿಸಿದಾಗ, "ಅಣ್ಣಗ ಬುದ್ಧಿ ಕಡಿಮಿ ಅಂತ ನನಗ ಮೊದಲ ಗೊತ್ತಿತ್ತು" ಎಂದು ಅವರು ಒಳಗೆ ನಡೆದರು.

ನಾನು ಮೂಡಲಗಿಗೆ ಮನೆ ಬದಲಿಸಿದೆ. ಬರಿಗೈಯಲ್ಲಿ, ಬರಿಮಾತಿನಲ್ಲಿ ಕೃತಜ್ಞತೆ ಹೇಳುವುದು ಅಸಭ್ಯವೆಂದು ಭಾವಿಸಿ ಪತ್ರ ಬರೆಯಲು ಕುಳಿತೆ. 'ಉಪಕಾರ' ಎಂಬುದು ಹಗುರವಾಯಿತು, 'ಋಣ' ಎಂಬುದು ಭಾರವಾಯಿತು. ಹೊಡೆದು ಹಾಕುತ್ತ, ತಿದ್ದಿ ಬರೆಯುತ್ತ ಎರಡು ವರ್ಷ ಕಳೆದೆ. ಕೊನೆಗೆ ಪತ್ರ ಮುಗಿಸಿ ಗೋಕಾಕಕ್ಕೆ ಹೋದಾಗ ಬಾಗಿಲು ತೆರೆದ ಸೊಸೆ, ಕಾಕು ತೀರಿಕೊಂಡು ಹದಿನೈದು ದಿನಗಳಾದವೆಂದು ಹೇಳಿದಳು.

"ನಮ್ಮತ್ತಿ ನಿಮ್ಮನ್ನ ಬೈಲಾರದ ದಿನಾನ ಇರಲಿಲ್ಲ ನೋಡ್ರಿ. 'ಖಾಯಂ ಆದ ಮ್ಯಾಲ ಅಕ್ಕೋರು ಒಂದ ಸಲಾನೂ ಮಾರಿ ತೋರಸಲಿಲ್ಲ' ಅಂತಿದ್ರು."

ನನ್ನ ಚೀಲದೊಳಗಿನ ಪತ್ರದಲ್ಲಿ ಒಂದೇ ಒಂದು ತಪ್ಪೂ ಇರಲಿಲ್ಲ.